ರಾತ್ರಿ, ಮಳೆ, ಮಂಜಿನ ಓಟಕ್ಕೆ ಸೈಕಲ್ ಲೈಟು: ಡಬ್ಬದ ಮೇಲಿನ ಲ್ಯೂಮೆನ್ ನಂಬಬಹುದೇ?

ಕತ್ತಲದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಂದಿನ ಲೈಟು, ಹಿಂದಿನ ಲೈಟು ಎರಡನ್ನೂ ಹೊಸದಾಗಿ ತಗೋಬೇಕು. ಬಳಕೆ ಹೀಗಿದೆ: ಒಂದು ಸಲಕ್ಕೆ ಸುಮಾರು ಒಂದು ಗಂಟೆಯ ಓಟ, ಬೆಳಗಿನ ಜಾವ ಹೊರಡುವುದು, ಕತ್ತಲಾದ ಮೇಲೆ ವಾಪಸ್. ಅರ್ಧ ದಾರಿಗೆ ಬೀದಿದೀಪ ಇದೆ, ಇನ್ನರ್ಧಕ್ಕೆ ಇಲ್ಲ. ದೀಪ ಇಲ್ಲದ ಕಡೆ ಡಾಂಬರು ರಸ್ತೆ, ಅಲ್ಲಲ್ಲಿ ಗುಂಡಿ, ಎದುರಿನಿಂದ ಗಾಡಿಗಳು. ಸಮತಟ್ಟಿನಲ್ಲಿ ಗಂಟೆಗೆ 25 ಕಿ.ಮೀ., ಇಳಿಜಾರಿನಲ್ಲಿ 35. ಮಳೆಯೂ ಸಿಗುತ್ತದೆ, ಮಂಜೂ ಸಿಗುತ್ತದೆ.

ಈಗಿರುವ ಲೈಟಿನ ಡಬ್ಬದ ಮೇಲೆ 1000 ಲ್ಯೂಮೆನ್ ಎಂದಿದೆ. ಒಳಗೆ ಒಂದೇ ಸೆಲ್. ಹಚ್ಚಿದಾಗ ಝಗ್ಗನೆ ಉರಿಯುತ್ತದೆ, ಹತ್ತು ನಿಮಿಷಕ್ಕೆ ಮಂಕಾಗುತ್ತದೆ. ಎದುರು ಬರುವವರು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾರೆ, ಆದರೆ ನನಗೆ 15 ಮೀಟರ್ ಆಚೆಯ ಗುಂಡಿ ಕಾಣುವುದಿಲ್ಲ. ಇಷ್ಟು ಬೆಳಕು ಎಲ್ಲಿಗೆ ಹೋಗುತ್ತಿದೆ?

ಎಷ್ಟು ಬೆಳಕು ಸಾಕು, ಬೀಮ್ ಹೇಗಿರಬೇಕು, ಹಿಂದೆ ಮಿನುಗುವ ಲೈಟು ಒಳ್ಳೆಯದೋ ಸ್ಥಿರವಾಗಿ ಉರಿಯುವುದೋ, ಬ್ಯಾಟರಿ ವಿಷಯದಲ್ಲಿ ಏನನ್ನು ನೋಡಬೇಕು? ಬ್ರಾಂಡ್ ಹೆಸರು ಬೇಡ, ನೋಡಿ ಆರಿಸಲು ಬರುವಂತೆ ಹೇಳಿದರೆ ಸಾಕು.

---

ಎರಡುಗಾಲಿ

ಎದುರಿನವರ ಕಣ್ಣಿಗೆ ಮತ್ತು ಮರದ ಕೊಂಬೆಗಳಿಗೆ ಹೋಗುತ್ತಿದೆ. ಲ್ಯೂಮೆನ್ ಎಂದರೆ ಲೈಟಿನಿಂದ ಹೊರಬೀಳುವ ಒಟ್ಟು ಬೆಳಕು, ಅಷ್ಟೇ. ಅದರಲ್ಲಿ ರಸ್ತೆಗೆ ಬಿದ್ದದ್ದು ಎಷ್ಟು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಲಕ್ಸ್ ನೋಡಬೇಕು. ಒಂದು ಚದರ ಮೀಟರ್ ಜಾಗಕ್ಕೆ ಎಷ್ಟು ಲ್ಯೂಮೆನ್ ಬಿತ್ತೋ ಅಷ್ಟು ಲಕ್ಸ್. ಸೈಕಲ್ ಲೈಟುಗಳಿಗೆ ಸಾಮಾನ್ಯವಾಗಿ 10 ಮೀಟರ್ ದೂರದಲ್ಲಿ, ಬೀಮಿನ ಅತಿ ಪ್ರಖರವಾದ ಜಾಗದಲ್ಲಿ ಅಳೆದ ಲಕ್ಸ್ ಕೊಟ್ಟಿರುತ್ತಾರೆ.

ಮೊದಲು ನಿಮಗೆ ಎಷ್ಟು ದೂರ ಕಾಣಬೇಕು ಅಂತ ಲೆಕ್ಕ ಹಾಕೋಣ. ಗಂಟೆಗೆ 25 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಗುಂಡಿ ಕಣ್ಣಿಗೆ ಬಿದ್ದು, ಬೆರಳು ಬ್ರೇಕ್ ಹಿಡಿಯುವುದರೊಳಗೆ ಒಂದೂವರೆ ಸೆಕೆಂಡ್ ಎಂದಿಟ್ಟುಕೊಂಡರೆ ಸೈಕಲ್ 10 ಮೀಟರ್ ದಾಟಿರುತ್ತದೆ. ಬ್ರೇಕ್ ಚೆನ್ನಾಗಿದ್ದರೂ ಒಣ ಡಾಂಬರಿನಲ್ಲಿ ನಿಲ್ಲಲು ಇನ್ನೊಂದು 7 ಮೀಟರ್ ಬೇಕು. ಒಟ್ಟು 17–18 ಮೀಟರ್. ರಸ್ತೆ ಒದ್ದೆಯಿದ್ದರೆ 22–23. ಇಳಿಜಾರಿನ 35ರ ವೇಗಕ್ಕೆ ಒಣ ರಸ್ತೆಯಲ್ಲೇ 28 ಮೀಟರ್, ಒದ್ದೆಯಲ್ಲಿ 38ರ ಹತ್ತಿರ. 15 ಮೀಟರ್ ಮಾತ್ರ ಕಾಣುವ ಲೈಟಿಗೆ 25ರ ವೇಗವೂ ಹೆಚ್ಚೇ.

ಈಗ ಬೆಳಕಿನ ಲೆಕ್ಕ. ದೂರ ಎರಡು ಪಟ್ಟಾದರೆ ಲಕ್ಸ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 10 ಮೀಟರಿನಲ್ಲಿ 80 ಲಕ್ಸ್ ಇರುವ ಲೈಟು 20 ಮೀಟರಿನಲ್ಲಿ 20 ಲಕ್ಸ್, 30 ಮೀಟರಿನಲ್ಲಿ 9 ಲಕ್ಸ್ ಕೊಡುತ್ತದೆ. ಇದೂ ಎದುರಿಗೆ ನೆಟ್ಟಗೆ ನಿಂತ ಗೋಡೆಯ ಮೇಲೆ ಬೀಳುವ ಲೆಕ್ಕ. ರಸ್ತೆ ಮಲಗಿರುತ್ತದೆ, ಬೆಳಕು ಅದರ ಮೇಲೆ ಓರೆಯಾಗಿ ಸವರಿಕೊಂಡು ಹೋಗುತ್ತದೆ. ಲೈಟು ನೆಲದಿಂದ 1 ಮೀಟರ್ ಎತ್ತರದಲ್ಲಿದ್ದರೆ 20 ಮೀಟರ್ ಮುಂದಿನ ಡಾಂಬರಿಗೆ ಸಿಗುವುದು ಆ 20 ಲಕ್ಸಿನಲ್ಲಿ ಇಪ್ಪತ್ತನೇ ಒಂದು ಭಾಗ, ಅಂದರೆ 1 ಲಕ್ಸ್. ಆದ್ದರಿಂದಲೇ ದೂರಕ್ಕೆ ಬೀಳುವ ಬೆಳಕು ತುಂಬ ಬೇಕು, ಹತ್ತಿರಕ್ಕೆ ಸ್ವಲ್ಪ ಸಾಕು. ಟಾರ್ಚಿನಂಥ ದುಂಡು ಬೀಮಿನಲ್ಲಿ ಇದು ತಲೆಕೆಳಗು. ಚಕ್ರದ ಮುಂದಿನ 3–4 ಮೀಟರ್ ಬೆಳ್ಳಗೆ ಹೊಳೆಯುತ್ತದೆ, ಕಣ್ಣು ಆ ಹೊಳಪಿಗೆ ಒಗ್ಗಿಕೊಂಡು ಅದರಾಚೆ ಇರುವುದೆಲ್ಲ ಕಪ್ಪಾಗಿ ಕಾಣುತ್ತದೆ. ನಿಮ್ಮ ತೊಂದರೆಯಲ್ಲಿ ಅರ್ಧ ಇದೇ.

ಹಾಗಾಗಿ ಡಾಂಬರು ರಸ್ತೆಗೆ ನೋಡಬೇಕಾದ್ದು ಮೇಲಂಚು ಕತ್ತರಿಸಿದಂತೆ ಇರುವ ಬೀಮ್, ಕಾರಿನ ಡಿಮ್ ಲೈಟಿನ ಹಾಗೆ. ಒಂದು ಗೆರೆಯ ಕೆಳಗೆ ಪೂರ್ತಿ ಬೆಳಕು, ಮೇಲೆ ಬಹುತೇಕ ಕತ್ತಲೆ. ಕಟ್-ಆಫ್ ಬೀಮ್ ಅಂತ ಕೇಳಿ. ಜರ್ಮನಿಯ ಎಸ್‌ಟಿವಿಝಡ್‌ಒ (StVZO) ಅನ್ನುವ ವಾಹನ ನಿಯಮಕ್ಕೆ ಒಪ್ಪುವ ಲೈಟುಗಳೆಲ್ಲ ಹೀಗೇ ಇರುತ್ತವೆ. ಅವುಗಳ ಮೈಮೇಲೆ ಅಲೆಯಂಥ ಒಂದು ಗೆರೆ, ಪಕ್ಕದಲ್ಲಿ ಕೆ ಅಕ್ಷರ, ಮುಂದೆ ಅಂಕಿ ಅಚ್ಚಾಗಿರುತ್ತದೆ. ಆ ನಿಯಮದಲ್ಲಿ ಮಿನುಗುವುದಕ್ಕೆ ಅವಕಾಶ ಇಲ್ಲ, ಹಾಗಾಗಿ ಅವುಗಳಲ್ಲಿ ಮಿನುಗುವ ಮೋಡ್ ಹುಡುಕಬೇಡಿ.

ನಿಮ್ಮ ಬಳಕೆಗೆ 10 ಮೀಟರಿನಲ್ಲಿ 70ರಿಂದ 100 ಲಕ್ಸ್ ಇರುವ ಕಟ್-ಆಫ್ ಬೀಮ್ ಸಾಕು. ಲ್ಯೂಮೆನ್ನಿನಲ್ಲಿ ಅದು 300–400 ಇದ್ದೀತು. ದುಂಡು ಬೀಮನ್ನೇ ತಗೊಂಡರೆ ಇಷ್ಟೇ ಕಾಣಲು ಇದರ ಎರಡರಷ್ಟು ಲ್ಯೂಮೆನ್ ಬೇಕಾಗುತ್ತದೆ, ಎದುರಿನವರಿಗೆ ತೊಂದರೆ ತಪ್ಪುವುದಿಲ್ಲ. ಬೀದಿದೀಪ ಇರುವ ಭಾಗಕ್ಕೆ 100–150 ಲ್ಯೂಮೆನ್ ಮೋಡ್ ಧಾರಾಳ, ಅಲ್ಲಿ ನೀವು ಬೇರೆಯವರಿಗೆ ಕಾಣಿಸುವುದೇ ಮುಖ್ಯ. ಮಣ್ಣುದಾರಿ, ಕಾಡಿನ ಕಾಲುದಾರಿಯಾದರೆ ಮಾತು ಬೇರೆ. ಕೊಂಬೆ ತಲೆಗೆ ಬಡಿಯದಂತೆ ಮೇಲೂ ಬೆಳಕು ಬೇಕು, ಅಲ್ಲಿಗೆ ದುಂಡು ಬೀಮೇ ಸರಿ.

ಕೂರಿಸುವ ಕೋನ, ಇದನ್ನು ಬಿಟ್ಟರೆ ಮೇಲಿನದೆಲ್ಲ ವ್ಯರ್ಥ. ಗೋಡೆಯಿಂದ 5 ಮೀಟರ್ ದೂರದಲ್ಲಿ ಸೈಕಲ್ ನಿಲ್ಲಿಸಿ. ನೆಲದಿಂದ ಲೈಟಿನ ಗಾಜಿನ ನಡುಭಾಗಕ್ಕೆ ಎಷ್ಟು ಎತ್ತರ ಎಂದು ಅಳೆದು ಗೋಡೆಯ ಮೇಲೆ ಅದೇ ಎತ್ತರಕ್ಕೆ ಟೇಪ್ ಅಂಟಿಸಿ. ನೀವು ಸೈಕಲ್ ಮೇಲೆ ಕೂತೇ ನೋಡಬೇಕು, ಮುಂದೆ ಸಸ್ಪೆನ್ಷನ್ ಇದ್ದರೆ ಭಾರಕ್ಕೆ ಕೋನ ಬದಲಾಗುತ್ತದೆ. ಕಟ್-ಆಫ್ ಬೀಮಿನ ಮೇಲಂಚು ಟೇಪಿಗಿಂತ 10 ಸೆಂ.ಮೀ. ಕೆಳಗೆ ಬರಲಿ. ಲೈಟು 1 ಮೀಟರ್ ಎತ್ತರದಲ್ಲಿದ್ದರೆ ಆಗ ಮೇಲಂಚು 50 ಮೀಟರ್ ಮುಂದೆ ನೆಲ ಮುಟ್ಟುತ್ತದೆ. 5 ಸೆಂ.ಮೀ. ಇಟ್ಟರೆ 100 ಮೀಟರ್, ಆದರೆ ಸಣ್ಣ ಉಬ್ಬು ಹತ್ತಿದರೂ ಬೆಳಕು ಎದುರಿನವರ ಮುಖಕ್ಕೆ ಎಗರುತ್ತದೆ. ದುಂಡು ಬೀಮಾದರೆ ಅದರ ನಡುಬಿಂದು ಟೇಪಿನ ಅರ್ಧ ಎತ್ತರಕ್ಕೆ ಬರಲಿ, ಅಂದರೆ 10 ಮೀಟರಿನಲ್ಲಿ ನೆಲ ಮುಟ್ಟುತ್ತದೆ.

ಇನ್ನೊಂದು ತಪ್ಪು ಬಹಳ ಕಡೆ ಕಾಣುತ್ತದೆ. ಕಟ್-ಆಫ್ ಲೈಟನ್ನು ಹ್ಯಾಂಡಲಿನ ಕೆಳಗೆ ತಲೆಕೆಳಗಾಗಿ ನೇತುಹಾಕುತ್ತಾರೆ. ಆಗ ಕತ್ತರಿಸಿದ ಅಂಚು ಕೆಳಗೆ ಹೋಗಿ ಪೂರ್ತಿ ಬೆಳಕು ಮೇಲಕ್ಕೆ ಬಡಿಯುತ್ತದೆ. ಕೆಳಗೆ ತೂಗುಹಾಕಲೆಂದೇ ಮಾಡಿದ ಮಾದರಿಗಳು ಬೇರೆ ಇವೆ, ಅಂಥದ್ದನ್ನೇ ಕೇಳಬೇಕು.

---

ಸೆಲ್‌ಮೇಸ್ತ್ರಿ

ಹತ್ತು ನಿಮಿಷಕ್ಕೆ ಮಂಕಾಗುವ ವಿಷಯ ನಾನು ಹೇಳುತ್ತೇನೆ. ಅದಕ್ಕೆ ಎರಡು ಕಾರಣ ಇರಬಹುದು: ಎಲ್‌ಇಡಿ ಬಿಸಿಯಾಗಿ ಒಳಗಿನ ಸರ್ಕ್ಯೂಟೇ ಬೆಳಕು ತಗ್ಗಿಸುತ್ತಿದೆ, ಇಲ್ಲವೇ ಸೆಲ್‌ನ ವೋಲ್ಟೇಜ್ ಇಳಿದಂತೆ ಬೆಳಕೂ ಇಳಿಯುತ್ತಿದೆ. ಯಾವುದು ಎಂದು ಮನೆಯಲ್ಲೇ ಕಂಡುಹಿಡಿಯಬಹುದು. ಪೂರ್ತಿ ಚಾರ್ಜ್ ಮಾಡಿ, ಕತ್ತಲ ಕೋಣೆಯಲ್ಲಿ ಗೋಡೆಗೆ ತಿರುಗಿಸಿ ಇಡಿ, ಫೋನಿನ ಕ್ಯಾಮರಾದಲ್ಲಿ ಎಕ್ಸ್‌ಪೋಷರ್ ಲಾಕ್ ಮಾಡಿ ಐದೈದು ನಿಮಿಷಕ್ಕೆ ಒಂದು ಫೋಟೋ ತೆಗೆಯಿರಿ. ಒಮ್ಮೆ ಗಾಳಿಯಾಡದಂತೆ, ಇನ್ನೊಮ್ಮೆ ಟೇಬಲ್ ಫ್ಯಾನ್ ಗಾಳಿ ನೇರ ಲೈಟಿಗೆ ಬಡಿಯುವಂತೆ. ಫ್ಯಾನ್ ಇದ್ದಾಗ ಮಂಕಾಗದಿದ್ದರೆ ಬಿಸಿಯೇ ಕಾರಣ, ಓಡುವಾಗ ಗಾಳಿ ಸಿಗುವುದರಿಂದ ತೊಂದರೆ ಕಡಿಮೆ. ಫ್ಯಾನ್ ಇದ್ದರೂ ನಿಧಾನವಾಗಿ ಇಳಿಯುತ್ತಾ ಹೋದರೆ ಒಂದೋ ಬೆಳಕನ್ನು ಒಂದೇ ಸಮ ಇಡುವ ಸರ್ಕ್ಯೂಟ್ ಅದರಲ್ಲಿಲ್ಲ, ಅಥವಾ ಸೆಲ್ ಸವೆದಿದೆ. ನೀವು ಓಡುತ್ತಿರುವಾಗಲೇ ಮಂಕಾಗುತ್ತಿದೆ ಅಂದರೆ ಬಿಸಿಗಿಂತ ವೋಲ್ಟೇಜ್ ಇಳಿಯುವುದೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಡಬ್ಬದ ಮೇಲಿನ ಅಂಕಿ ನಿಜವೋ ಸುಳ್ಳೋ ತಿಳಿಯಲು ಒಂದು ಸರಳ ಲೆಕ್ಕ ಇದೆ. ಈ ಲೈಟುಗಳಲ್ಲಿ ಹೆಚ್ಚಾಗಿ ಇರುವುದು 18650 ಸೆಲ್, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಒಳ್ಳೆಯದೊಂದರಲ್ಲಿ 3400–3500 ಎಂಎಎಚ್ (mAh, ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಇರುತ್ತದೆ. ಸರಾಸರಿ 3.6 ವೋಲ್ಟಿನಿಂದ ಗುಣಿಸಿ, ಸಾವಿರದಿಂದ ಭಾಗಿಸಿ: ಸುಮಾರು 12 ವ್ಯಾಟ್-ಅವರ್. ಎಲ್‌ಇಡಿ, ಲೆನ್ಸ್, ಸರ್ಕ್ಯೂಟ್ ಎಲ್ಲದರ ನಷ್ಟ ಕಳೆದು ಒಂದು ವ್ಯಾಟಿಗೆ 100 ಲ್ಯೂಮೆನ್ ಹೊರಬಂದರೆ ಸುಮಾರಾಗಿ ಒಳ್ಳೆಯ ಲೈಟು. ಹಾಗಾದರೆ ಒಂದು ಸೆಲ್ಲಿನಲ್ಲಿ 1200 ಲ್ಯೂಮೆನ್-ಗಂಟೆ ಇದೆ. 400 ಲ್ಯೂಮೆನ್ನಿನಲ್ಲಿ 3 ಗಂಟೆ, 1000 ಲ್ಯೂಮೆನ್ನಿನಲ್ಲಿ ಒಂದು ಗಂಟೆ ಚಿಲ್ಲರೆ. ಒಂದೇ ಸೆಲ್ ಇಟ್ಟು 1000 ಲ್ಯೂಮೆನ್, 4 ಗಂಟೆ ಎಂದು ಬರೆದಿದ್ದರೆ ಎರಡರಲ್ಲಿ ಒಂದು ಸುಳ್ಳು. ಸ್ವಲ್ಪ ದಪ್ಪನೆಯ 21700 ಸೆಲ್ ಇದ್ದರೆ 5000 ಎಂಎಎಚ್ ಸಿಗುತ್ತದೆ, ಅದೇ ಲೆಕ್ಕದಲ್ಲಿ 1800 ಲ್ಯೂಮೆನ್-ಗಂಟೆ. 18650 ಸೆಲ್ಲಿನ ಮೇಲೆ 9900 ಎಂಎಎಚ್ ಎಂದು ಅಚ್ಚು ಹಾಕಿದ್ದರೆ ಅದನ್ನು ಕೈಯಿಂದ ಮುಟ್ಟಬೇಡಿ, ಆ ಅಳತೆಯಲ್ಲಿ ಅಷ್ಟು ತುಂಬಲು ಆಗುವುದೇ ಇಲ್ಲ. ನಿಜವಾದ 18650 ತೂಕ 45–50 ಗ್ರಾಂ ಇರುತ್ತದೆ, ತಕ್ಕಡಿಗೆ ಹಾಕಿದಾಗ 30ರ ಹತ್ತಿರ ತೂಗಿದರೆ ಒಳಗೆ ಮೋಸ ಇದೆ.

ಒಳ್ಳೆ ಕಂಪನಿಗಳೂ ಕೊಡುವ ಅಂಕಿಯನ್ನು ಎಚ್ಚರದಿಂದ ಓದಬೇಕು. ಎಎನ್‌ಎಸ್‌ಐ ಎಫ್‌ಎಲ್ 1 ಅನ್ನುವ ಮಾನದಂಡದಲ್ಲಿ ಲ್ಯೂಮೆನ್ ಅಳೆಯುವುದು ಹಚ್ಚಿದ 30 ಸೆಕೆಂಡಿನಿಂದ 2 ನಿಮಿಷದ ಒಳಗೆ. ರನ್ ಟೈಮ್ ಎಣಿಸುವುದು ಬೆಳಕು ಮೊದಲಿನ 10 ಶೇಕಡಕ್ಕೆ ಇಳಿಯುವ ತನಕ. ಅಂದರೆ 1000 ಲ್ಯೂಮೆನ್ನಿನಲ್ಲಿ ಶುರುವಾಗಿ ಐದು ನಿಮಿಷಕ್ಕೆ 300ಕ್ಕೆ ಇಳಿದು, ಹಾಗೇ ಎರಡು ಗಂಟೆ ಉರಿದರೂ ‘1000 ಲ್ಯೂಮೆನ್, 2 ಗಂಟೆ’ ಎಂದು ಬರೆಯಲು ಅಡ್ಡಿಯಿಲ್ಲ. ಸಮಯಕ್ಕೆ ತಕ್ಕಂತೆ ಬೆಳಕು ಹೇಗೆ ಇಳಿಯುತ್ತದೆ ಎಂಬ ಗ್ರಾಫ್ ಕೊಟ್ಟಿದ್ದರೆ ಅದನ್ನೇ ನಂಬಿ. ಗೆರೆ ಬಹಳ ಹೊತ್ತು ಮಟ್ಟವಾಗಿ ಹೋಗಿ ಕೊನೆಯಲ್ಲಿ ಒಂದು ಮೆಟ್ಟಿಲು ಇಳಿಯಬೇಕು.

ಒಂದು ಗಂಟೆಯ ಓಟಕ್ಕೆ ಮಧ್ಯದ ಮೋಡಿನಲ್ಲಿ 3 ಗಂಟೆ ನಿಲ್ಲುವ ಲೈಟು ತಗೊಳ್ಳಿ. ಹೋಗಿ ಬರಲು 2 ಗಂಟೆ. ಮಿಕ್ಕದ್ದು ಚಳಿಗೆ ಮತ್ತು ಸವೆತಕ್ಕೆ. ಲಿಥಿಯಂ ಸೆಲ್ ಚಳಿಯಲ್ಲಿ ಕಡಿಮೆ ಕೊಡುತ್ತದೆ, ಕೆಲವು ವರ್ಷ ಬಳಸಿದ ಮೇಲೆ ಅದರ ಹಿಡಿತವೇ ಕುಗ್ಗುತ್ತದೆ.

ಸೆಲ್ ಬದಲಾಯಿಸಲು ಬರುವ ಲೈಟು ಸಿಕ್ಕರೆ ಅದನ್ನೇ ಆರಿಸಿ. ಕೊಳ್ಳುವಾಗ ಉದ್ದ ಅಳೆಯಿರಿ: ರಕ್ಷಣಾ ಸರ್ಕ್ಯೂಟ್ ಇರುವ 18650 ಸೆಲ್ 68–70 ಮಿ.ಮೀ. ಆಗುತ್ತದೆ, 65ಕ್ಕೆಂದು ಮಾಡಿದ ಗೂಡಿಗೆ ಒತ್ತಿ ತುರುಕಿದರೆ ಸ್ಪ್ರಿಂಗ್ ಚಪ್ಪಟೆಯಾಗಿ, ರಸ್ತೆಯ ಗುಂಡಿ ಹಾರಿದಾಗ ಲೈಟು ಆರಿ ಹೊತ್ತುತ್ತದೆ. ತುದಿ ಚಪ್ಪಟೆಯೋ ಉಬ್ಬೋ ಅನ್ನುವುದನ್ನೂ ಹಳೆಯದರ ಜೊತೆ ಹೋಲಿಸಿ ನೋಡಿ.

---

ಕೆಂಪುಕಿಡಿ

ಮುಂದಿನ ಲೈಟಿಗಿಂತ ಹಿಂದಿನದನ್ನು ಆರಿಸುವಾಗ ಹೆಚ್ಚು ಯೋಚಿಸಬೇಕು, ಯಾಕೆಂದರೆ ಅದು ಆರಿಹೋದರೆ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಒಂದು ದುಬಾರಿ ಲೈಟಿಗಿಂತ ಸಾಧಾರಣವಾದ ಎರಡು ಮೇಲು. ಎರಡಕ್ಕೂ ಬೇರೆ ಬೇರೆ ಬ್ಯಾಟರಿ ಇರಲಿ, ಬೇರೆ ಬೇರೆ ಹೊತ್ತಿಗೆ ಚಾರ್ಜ್ ಆಗಿರಲಿ.

ಮಿನುಗುವುದೋ ಸ್ಥಿರವೋ? ಮಿನುಗುವ ದೀಪ ಬೇಗ ಗಮನ ಸೆಳೆಯುತ್ತದೆ. ಆದರೆ ಬರೀ ಮಿನುಗುವುದೊಂದೇ ಇದ್ದರೆ ಕತ್ತಲಲ್ಲಿ ಸೈಕಲ್ ಎಷ್ಟು ದೂರದಲ್ಲಿದೆ, ಎಷ್ಟು ಬೇಗ ಹತ್ತಿರವಾಗುತ್ತಿದೆ ಅಂತ ಹಿಂದಿನ ಚಾಲಕನಿಗೆ ಅಂದಾಜು ಸಿಗುವುದು ಕಷ್ಟ. ಆರಿದ ಗಳಿಗೆಯಲ್ಲಿ ಕಣ್ಣಿಗೆ ಹಿಡಿಯಲು ಏನೂ ಇರುವುದಿಲ್ಲವಲ್ಲ. ಆದ್ದರಿಂದ ಒಂದು ಸ್ಥಿರವಾಗಿ, ಇನ್ನೊಂದು ಸೆಕೆಂಡಿಗೆ ಒಂದೆರಡು ಸಲ ನಿಧಾನಕ್ಕೆ ಮಿನುಗುವಂತೆ ಇಡಿ. ಪೂರ್ತಿ ಆರದೆ ಮಂಕಾಗಿ ಮತ್ತೆ ಜೋರಾಗುವ ಪಲ್ಸ್ ಮೋಡ್ ಇದ್ದರೆ ಎರಡೂ ಕೆಲಸ ಒಂದರಲ್ಲೇ ಆಗುತ್ತದೆ. ಸೆಕೆಂಡಿಗೆ ಹತ್ತಾರು ಸಲ ಪಟಪಟ ಹೊಡೆಯುವ ಮೋಡ್ ಬೇಡ. ಹಿಂದೆ ಬರುವ ಸೈಕಲ್ ಸವಾರರಿಗೆ ತಲೆನೋವು, ಬೆಳಕಿಗೆ ಅಪಸ್ಮಾರ ಬರುವವರಿಗೆ ಅಪಾಯ. ಮುಂದಿನ ಬಿಳಿ ಲೈಟನ್ನು ರಾತ್ರಿ ಮಿನುಗಿಸಲೇಬಾರದು.

ಹಿಂದಿನ ಲೈಟಿಗೆ ರಾತ್ರಿ 10–20 ಲ್ಯೂಮೆನ್ ಸಾಕು. 100 ಲ್ಯೂಮೆನ್ ಮೇಲ್ಪಟ್ಟ ಮೋಡ್‌ಗಳು ಹಗಲಿಗೆ, ಮಂಜಿಗೆ. ರಾತ್ರಿ ಅದನ್ನೇ ಹಾಕಿದರೆ ಹಿಂದಿನವರಿಗೆ ಆ ಕೆಂಪು ಚುಕ್ಕಿ ಬಿಟ್ಟು ಬೇರೇನೂ ಕಾಣುವುದಿಲ್ಲ, ನಿಮ್ಮ ಮೈಯ ಅಗಲವೂ ಸೇರಿ. ಬೆಳಕು ಹೊರಡುವ ಜಾಗ ಅಗಲವಾಗಿದ್ದಷ್ಟೂ ಒಳ್ಳೆಯದು. ಸೂಜಿಮೊನೆಯಷ್ಟು ಎಲ್‌ಇಡಿಗಿಂತ 5–6 ಸೆಂ.ಮೀ. ಅಗಲದ ಪಟ್ಟಿ ಕಣ್ಣಿಗೆ ಹಿತ, ದೂರವೂ ತಿಳಿಯುತ್ತದೆ.

ಕೋನದ ವಿಷಯ ಹಿಂದೆಯೂ ಅಷ್ಟೇ ಮುಖ್ಯ. ಸೀಟ್ ಪೋಸ್ಟ್ ಹಿಂದಕ್ಕೆ ವಾಲಿರುತ್ತದೆ, ಅದಕ್ಕೆ ಸಮನಾಗಿ ಕಟ್ಟಿದ ಲೈಟು ನೆಲ ನೋಡುತ್ತದೆ. ಈ ಲೈಟುಗಳ ಲೆನ್ಸು ಬೆಳಕನ್ನು ಕಿರಿದಾದ ಜಾಗಕ್ಕೆ ಕೂಡಿಸುತ್ತದೆ, ಸ್ವಲ್ಪ ವಾಲಿದರೂ ದೂರದ ಚಾಲಕನಿಗೆ ಕಾಣುವುದು ಬಹಳ ಕಡಿಮೆಯಾಗುತ್ತದೆ. ಮುಖ ರಸ್ತೆಗೆ ಸಮಾನಾಂತರವಾಗಿ ಹಿಂದಕ್ಕೆ ನೋಡಬೇಕು. ಕ್ಲ್ಯಾಂಪಿನ ಜೊತೆ ಓರೆ ರಬ್ಬರ್ ತುಂಡು ಬಂದಿದ್ದರೆ ಅದು ಇರುವುದೇ ಇದಕ್ಕೆ, ಎಸೆಯಬೇಡಿ. ಸೈಕಲ್ ಸ್ಟ್ಯಾಂಡ್ ಹಾಕಿ 50 ಮೀಟರ್ ಹಿಂದೆ ಹೋಗಿ, ಕಾರಿನಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ, ಸುಮಾರು 1.1–1.2 ಮೀಟರಿಗೆ ಬಗ್ಗಿ ನೋಡಿ. ಹಾಗೇ ಎರಡೂ ಪಕ್ಕಕ್ಕೆ ಸರಿಯುತ್ತಾ ಬನ್ನಿ, ಎಲ್ಲಿ ಮಾಯವಾಗುತ್ತದೆ ಅಂತ ಗೊತ್ತಾಗುತ್ತದೆ.

ಮಳೆಯಂಗಿಯ ತುದಿ, ಬ್ಯಾಗಿನ ಪಟ್ಟಿ, ಕ್ಯಾರಿಯರ್ ಮೇಲಿನ ಸಾಮಾನು ಇವು ಹಿಂದಿನ ಲೈಟನ್ನು ಮುಚ್ಚುವ ಮುಖ್ಯ ವಸ್ತುಗಳು. ಮಳೆಯಂಗಿ ಹಾಕಿ ಸೀಟಿನ ಮೇಲೆ ಕೂತಾಗ ಬೇರೆಯವರಿಂದ ಒಮ್ಮೆ ನೋಡಿಸಿ. ಬ್ಯಾಗಿಗೆ ಕ್ಲಿಪ್ ಹಾಕಿದ ಲೈಟು ಬಟ್ಟೆ ಜೋತು ಆಕಾಶವನ್ನೋ ನೆಲವನ್ನೋ ನೋಡುತ್ತದೆ, ಅದನ್ನು ಎರಡನೆಯದಾಗಿ ಮಾತ್ರ ಇಟ್ಟುಕೊಳ್ಳಿ.

ರಿಫ್ಲೆಕ್ಟರ್ ಕಿತ್ತು ಹಾಕಬೇಡಿ. ಗಾಡಿಯ ಹೆಡ್‌ಲೈಟ್ ಬಿದ್ದರೆ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ, ಬ್ಯಾಟರಿ ಬೇಕಿಲ್ಲ. ಅದರಲ್ಲೂ ಪೆಡಲ್ ರಿಫ್ಲೆಕ್ಟರ್, ಕಣಕಾಲಿಗೆ ಕಟ್ಟುವ ಹೊಳೆಯುವ ಪಟ್ಟಿ: ಮೇಲೆ ಕೆಳಗೆ ಆಡುವ ಎರಡು ಚುಕ್ಕಿ ಕಂಡರೆ ಅದು ಸೈಕಲ್ ಅಂತ ಚಾಲಕನಿಗೆ ತಕ್ಷಣ ಹೊಳೆಯುತ್ತದೆ. ಆದರೆ ಅಡ್ಡರಸ್ತೆಯಿಂದ ಬರುವ ಗಾಡಿಯ ಬೆಳಕು ನಿಮ್ಮ ಮೇಲೆ ಬೀಳುವಾಗ ತಡವಾಗಿರುತ್ತದೆ, ಅಲ್ಲಿ ಕೆಲಸಕ್ಕೆ ಬರುವುದು ಪಕ್ಕಕ್ಕೂ ಬೆಳಕು ಚೆಲ್ಲುವ ಲೈಟು.

---

ಕತ್ತಲದಾರಿ

ಫ್ಯಾನ್ ಪರೀಕ್ಷೆ ಮಾಡಿದೆ, ಫ್ಯಾನ್ ಇದ್ದರೂ ಮಂಕಾಗುತ್ತದೆ. ಸೆಲ್ ತೂಕ ನೋಡಲು ಲೈಟು ಬಿಚ್ಚುವಂತಿಲ್ಲ, ಅಂಟು ಹಾಕಿದ್ದಾರೆ. ಹೊಸದೇ ತಗೊಳ್ಳುತ್ತೇನೆ. ಇನ್ನು ಮೂರು ಪ್ರಶ್ನೆ: ಮಂಜಿಗೆ ಹಳದಿ ಬೆಳಕು ಒಳ್ಳೆಯದು ಅನ್ನುತ್ತಾರೆ, ನಿಜವೇ? ಹೆಲ್ಮೆಟ್ ಮೇಲೆ ಒಂದು ಲೈಟು ಇಟ್ಟರೆ ಹೇಗೆ? ಚಾರ್ಜಿಂಗ್ ಗೋಜೇ ಬೇಡ ಅಂತ ಡೈನಮೋಗೆ ಹೋದರೆ?

---

ಎರಡುಗಾಲಿ

ಮಂಜಿನ ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ದೊಡ್ಡವು, ಅದರಿಂದ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುತ್ತವೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುವುದಿಲ್ಲ. ನೀಲಿ ಛಾಯೆಯ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬೆಳಕಿಗಿಂತ 4000–5000 ಕೆಲ್ವಿನ್ ಕಣ್ಣಿಗೆ ಹಿತ ಎನ್ನಬಹುದು, ಅಷ್ಟೇ. ಮಂಜಿನಲ್ಲಿ ಕೆಲಸ ಮಾಡುವುದು ಬಣ್ಣವಲ್ಲ, ಲೈಟು ಇರುವ ಜಾಗ. ಕಣ್ಣಿಗೆ ಹತ್ತಿರ ಇದ್ದಷ್ಟೂ ಹನಿಗಳಿಗೆ ಬಡಿದ ಬೆಳಕು ನೇರ ಕಣ್ಣಿಗೇ ವಾಪಸ್ ಬರುತ್ತದೆ, ಮುಂದೆ ಬಿಳಿ ಪರದೆ ಕಟ್ಟಿದಂತಾಗುತ್ತದೆ. ಆದ್ದರಿಂದ ಮಂಜಿನಲ್ಲಿ ಹೆಲ್ಮೆಟ್ ಲೈಟ್ ಆಫ್ ಮಾಡಿ. ಹ್ಯಾಂಡಲ್ ಲೈಟನ್ನು ಕಡಿಮೆ ಮೋಡಿಗೆ ಇಳಿಸಿ ಸ್ವಲ್ಪ ಬಗ್ಗಿಸಿ. ಫೋರ್ಕಿನ ಮೇಲ್ಭಾಗದಲ್ಲಿ, ಚಕ್ರದ ಮೇಲೆ ಲೈಟು ಕೂರಿಸಲು ತೂತು ಇದ್ದರೆ ಇನ್ನೂ ಉತ್ತಮ. ಕೆಳಗಿನಿಂದ ಹೊರಟ ಬೆಳಕಿನಲ್ಲಿ ಗುಂಡಿಯ ಅಂಚಿನ ನೆರಳು ಉದ್ದಕ್ಕೆ ಬೀಳುವುದರಿಂದ ಗುಂಡಿ ಬೇಗ ಕಾಣುತ್ತದೆ. ಟೈರಿನ ನೆರಳು ಬೀಮಿಗೆ ಅಡ್ಡ ಬರದಂತೆ ಮಾತ್ರ ನೋಡಿಕೊಳ್ಳಿ. ಮಂಜಿದ್ದಾಗ ಹಗಲಲ್ಲೂ ಹಿಂದಿನ ಲೈಟು ಜೋರು ಮೋಡಿನಲ್ಲಿರಲಿ, ಮತ್ತು ಕಂಡಷ್ಟು ದೂರಕ್ಕೆ ತಕ್ಕ ವೇಗ.

ಮಳೆಯ ತೊಂದರೆ ಬೇರೆ. ಒಣ ಡಾಂಬರು ಒರಟು, ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ, ಸ್ವಲ್ಪ ನಿಮ್ಮ ಕಣ್ಣಿಗೂ ಬರುತ್ತದೆ. ನೀರು ನಿಂತ ರಸ್ತೆ ಕನ್ನಡಿಯಾಗಿ ಬೆಳಕನ್ನು ಮುಂದಕ್ಕೇ ತಳ್ಳಿಬಿಡುತ್ತದೆ. ಅದೇ ಲೈಟಿನಲ್ಲಿ ರಸ್ತೆ ಕಪ್ಪಗೆ ಕಾಣುತ್ತದೆ, ಎದುರಿನವರಿಗೆ ಮಾತ್ರ ನೀರಿನಿಂದ ಚಿಮ್ಮಿದ ಬೆಳಕೂ ಸೇರಿ ಕಣ್ಣು ಕೋರೈಸುತ್ತದೆ. ಮಳೆಗೆಂದೇ ಒಂದು ಜೋರು ಮೋಡ್ ಕೈಯಲ್ಲಿರಲಿ ಅನ್ನುವುದು ಈ ಕಾರಣಕ್ಕೆ. ನೀರು ತುಂಬಿದ ಗುಂಡಿಯ ಆಳ ಯಾವ ಲೈಟಿನಲ್ಲೂ ತಿಳಿಯುವುದಿಲ್ಲ, ಸುತ್ತಿ ಹೋಗುವುದೇ ದಾರಿ.

---

ಸೆಲ್‌ಮೇಸ್ತ್ರಿ

ಹೆಲ್ಮೆಟ್ ಲೈಟನ್ನು ನಾನು ಅಷ್ಟು ಸುಲಭಕ್ಕೆ ತಳ್ಳಿಹಾಕುವುದಿಲ್ಲ. ತಿರುವಿನಲ್ಲಿ ಹ್ಯಾಂಡಲ್ ಲೈಟು ರಸ್ತೆಯಾಚೆ ನೋಡುತ್ತಿರುತ್ತದೆ, ತಲೆ ತಿರುಗಿಸಿದ ಕಡೆ ಬೆಳಕು ಬೀಳುವುದು ದೊಡ್ಡ ಅನುಕೂಲ. ಕತ್ತಲಲ್ಲಿ ಪಂಕ್ಚರ್ ಆದರೆ ಎರಡೂ ಕೈ ಖಾಲಿ. ಆದರೆ ಅದು ಎರಡನೆಯ ಲೈಟು, 100–150 ಗ್ರಾಂ ಒಳಗಿನದು, 200 ಲ್ಯೂಮೆನ್ ಸಾಕು. ಎದುರು ಗಾಡಿ ಬಂದಾಗ ಚಾಲಕನ ಮುಖ ನೋಡಿದಿರೋ, ಅವರಿಗೆ ಕುರುಡು. ದೃಷ್ಟಿ ರಸ್ತೆಯ ಮೇಲೆಯೇ ಇಡುವ ಅಭ್ಯಾಸ ಇಲ್ಲದಿದ್ದರೆ ಗಾಡಿ ಓಡಾಡುವ ರಸ್ತೆಯಲ್ಲಿ ಆಫ್ ಮಾಡಿಯೇ ಇಡಿ. ಅದನ್ನೇ ಒಂದೇ ಲೈಟಾಗಿ ಬಳಸಬಾರದು: ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ಗುಂಡಿಯ ನೆರಳು ಗುಂಡಿಯ ಹಿಂದೆಯೇ ಅಡಗುತ್ತದೆ, ಎಲ್ಲವೂ ಸಪಾಟಾಗಿ ಕಾಣುತ್ತದೆ.

---

ಹಬ್‌ಮಾತು

ಡೈನಮೋ ಬಗ್ಗೆ. ದಿನವೂ ಕತ್ತಲಲ್ಲಿ ಓಡುವವರಿಗೆ ಹಬ್ ಡೈನಮೋಗಿಂತ ನೆಮ್ಮದಿ ಇನ್ನೊಂದಿಲ್ಲ. ಮುಂದಿನ ಚಕ್ರದ ನಡುವಿನ ಹಬ್ಬಿನೊಳಗೇ ಇರುತ್ತದೆ, 6 ವೋಲ್ಟ್, 3 ವ್ಯಾಟ್. ಹಳೆಯ ಬಲ್ಬ್ ಕಾಲದ ಹಂಚಿಕೆಯಲ್ಲಿ ಮುಂದಕ್ಕೆ 2.4, ಹಿಂದಕ್ಕೆ 0.6 ವ್ಯಾಟ್. ಈಗಿನ ಎಲ್‌ಇಡಿಯಲ್ಲಿ ಅಷ್ಟರಿಂದಲೇ 80–100 ಲಕ್ಸ್ ಕಟ್-ಆಫ್ ಬೀಮ್ ಸಿಗುತ್ತದೆ. ಪೂರ್ತಿ ಬೆಳಕು ಬರಲು ಗಂಟೆಗೆ 15 ಕಿ.ಮೀ. ಆಸುಪಾಸಿನ ವೇಗ ಬೇಕು, ಕಡಿದಾದ ಏರಿನಲ್ಲಿ ನಿಧಾನವಾದಾಗ ಮಿಣುಕುತ್ತದೆ. ಲೈಟು ಹಚ್ಚಿದಾಗ ಕಾಲಿಗೆ 5 ವ್ಯಾಟಿನಷ್ಟು ಹೊರೆ, ಅದು ಗೊತ್ತಾಗುವುದೂ ಕಷ್ಟ. ಟೈರಿಗೆ ಉಜ್ಜುವ ಬಾಟಲಿ ಡೈನಮೋ ಮಳೆಯಲ್ಲಿ ಜಾರುತ್ತದೆ, ಬೇಡ.

ಆರಿಸುವಾಗ ಸ್ಟ್ಯಾಂಡ್‌ಲೈಟ್ ಇದೆಯೇ ಕೇಳಿ. ಒಳಗಿನ ಕೆಪಾಸಿಟರ್ ತುಂಬಿಕೊಂಡು, ಸಿಗ್ನಲ್ಲಿನಲ್ಲಿ ನಿಂತಾಗ ಕೆಲವು ನಿಮಿಷ ಮಂಕಾಗಿ ಉರಿಯುತ್ತಿರುತ್ತದೆ. ಹಿಂದಿನ ಲೈಟಿಗೆ ಅದು ಇರಲೇಬೇಕು.

ಕೈಕೊಡುವುದು ಹೆಚ್ಚಾಗಿ ವೈರ್. ಪಂಕ್ಚರಿಗೆಂದು ಚಕ್ರ ಬಿಚ್ಚುವಾಗ ಹಬ್ಬಿನ ಕನೆಕ್ಟರ್ ಎಳೆಯಲು ಮರೆತರೆ ವೈರ್ ಬುಡದಲ್ಲೇ ತುಂಡಾಗುತ್ತದೆ. ಫೋರ್ಕ್ ತಿರುಗುವ ಜಾಗದಲ್ಲಿ ಸಡಿಲ ಬಿಡದೆ ಬಿಗಿದು ಕಟ್ಟಿದ ವೈರ್ ಮಡಚಿ ಮಡಚಿ ಒಳಗೇ ಮುರಿಯುತ್ತದೆ, ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಇರುತ್ತದೆ. ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿದರೂ ಎಳೆತ ಬೀಳದಷ್ಟು ವೈರ್ ಬಿಡಿ. ಹಿಂದಿನ ಲೈಟಿಗೆ ಫ್ರೇಮನ್ನೇ ಒಂದು ತಂತಿಯಾಗಿ ಬಳಸುವ ಹಳೇ ಪದ್ಧತಿ ಬೇಡ, ಬಣ್ಣ ಮತ್ತು ತುಕ್ಕಿನಿಂದ ಸಂಪರ್ಕ ಹೋಗುತ್ತದೆ. ಎರಡೆಳೆ ವೈರ್ ಎಳೆಯಿರಿ. ಮುಂದಿನ ಚಕ್ರ ಹೊಸದಾಗಿ ಕಟ್ಟಿಸಬೇಕಾಗುತ್ತದೆ ಅನ್ನುವುದೊಂದೇ ಇದರ ತಾಪತ್ರಯ. ವಾರಕ್ಕೆ ಒಂದೆರಡು ರಾತ್ರಿ ಓಡುವವರಿಗೆ ಅಷ್ಟು ಕೆಲಸ ಬೇಕಿಲ್ಲ, ಬ್ಯಾಟರಿ ಲೈಟೇ ಸಾಕು.

---

ಕತ್ತಲದಾರಿ

ಸದ್ಯ ಬ್ಯಾಟರಿಯದ್ದೇ ತಗೊಳ್ಳುತ್ತೇನೆ, 80 ಲಕ್ಸ್ ಕಟ್-ಆಫ್. ಹಿಂದೆ ಎರಡು. ಐಪಿಎಕ್ಸ್ 4, 6, 7 ಅಂತ ಬರೆದಿರುತ್ತಾರಲ್ಲ, ಮಳೆಗೆ ಯಾವುದು? ಮತ್ತೆ, ನೋಡಿದ ಒಂದು ಲೈಟು ಫೋನಿನ ಟೈಪ್-ಸಿ ಚಾರ್ಜರಿಗೆ ಹಾಕಿದರೆ ಚಾರ್ಜೇ ತಗೊಳ್ಳಲಿಲ್ಲ, ಕೆಟ್ಟಿದೆಯೇ?

---

ಸೆಲ್‌ಮೇಸ್ತ್ರಿ

ಕೆಟ್ಟಿರಬೇಕೆಂದಿಲ್ಲ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಚಾರ್ಜರ್ ಮೊದಲು ಆ ಕಡೆ ಉಪಕರಣ ಇದೆಯೇ ಅಂತ ನೋಡುತ್ತದೆ. ಅದು ಗೊತ್ತಾಗಲು ಲೈಟಿನ ಪೋರ್ಟಿನಲ್ಲಿ 5.1 ಕಿಲೋಓಮ್‌ನ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಅದನ್ನು ಹಾಕದೆ ಬಿಟ್ಟ ಲೈಟುಗಳು ಬೇಕಾದಷ್ಟಿವೆ. ಒಂದು ತುದಿ ಹಳೆಯ ಅಗಲ ಯುಎಸ್‌ಬಿ, ಇನ್ನೊಂದು ಟೈಪ್-ಸಿ ಇರುವ ಕೇಬಲ್ ಹಾಕಿ ನೋಡಿ, ಚಾರ್ಜ್ ಆದರೆ ಕಾರಣ ಇದೇ.

ಐಪಿಎಕ್ಸ್ ಅನ್ನುವುದು ನೀರು ತಡೆಯುವ ಮಟ್ಟ. 4 ಅಂದರೆ ಎಲ್ಲ ದಿಕ್ಕಿನಿಂದ ಚಿಮ್ಮುವ ನೀರು, 6 ಅಂದರೆ ರಭಸದ ನೀರಿನ ಧಾರೆ, 7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿದರೂ ಕೆಡಬಾರದು. 7 ಇದ್ದರೆ 6 ತಾನಾಗಿ ಇದೆ ಅಂತಲ್ಲ, ಎರಡೂ ಬೇರೆ ಪರೀಕ್ಷೆ. ಮುಂದಿನದಕ್ಕೆ 4 ಕನಿಷ್ಠ, ಜಡಿಮಳೆಗೆ 6. ಹಿಂದಿನದಕ್ಕೆ 6 ಇರಲಿ, ಮಡ್‌ಗಾರ್ಡ್ ಇಲ್ಲದಿದ್ದರೆ ಚಕ್ರ ಎರಚುವ ಕೆಸರುನೀರು ನೇರ ಅದಕ್ಕೇ ಬಡಿಯುತ್ತದೆ.

ನೀರು ಒಳಹೋಗುವುದು ಬಹುತೇಕ ಚಾರ್ಜಿಂಗ್ ಪೋರ್ಟಿನ ರಬ್ಬರ್ ಮುಚ್ಚಳದಿಂದ. ಪೋರ್ಟ್ ಲೈಟಿನ ಹೊಟ್ಟೆಯ ಕಡೆ ಇರುವ ಮಾದರಿ ಆರಿಸಿ. ಪ್ರತಿ ಸಲ ಮುಚ್ಚುವಾಗ ಅಂಚಿನುದ್ದಕ್ಕೂ ಬೆರಳಿನಿಂದ ಒತ್ತಿ, ಒಂದು ಮೂಲೆ ಎದ್ದಿದ್ದರೂ ಸಾಕು, ನೀರು ಒಳಹೋಗುತ್ತದೆ. ಮಳೆಯಲ್ಲಿ ನೆನೆದ ಲೈಟನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ. ಮುಚ್ಚಳ ತೆಗೆದು, ಪೋರ್ಟ್ ಕೆಳಮುಖ ಮಾಡಿ ಒಂದೆರಡು ಗಂಟೆ ಒಣಗಲು ಬಿಡಿ. ಒದ್ದೆ ಪೋರ್ಟಿಗೆ ಕರೆಂಟು ಹರಿದರೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು ಮುಂದೆ ಚಾರ್ಜೇ ಆಗುವುದಿಲ್ಲ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಪೂರ್ತಿ ತುಂಬಿಸಿಯೂ ಅಲ್ಲ, ಖಾಲಿಯೂ ಅಲ್ಲ, ಅರ್ಧ ಚಾರ್ಜಿನಲ್ಲಿ ಬಿಸಿಲು ತಾಗದ ಕಡೆ ಇಡಿ.

---

ಎರಡುಗಾಲಿ

ಕೊಳ್ಳುವ ಮುಂಚೆ ಹ್ಯಾಂಡಲ್ ದಪ್ಪ ಅಳೆದುಕೊಳ್ಳಿ. ನಡುಭಾಗ ಸಾಮಾನ್ಯವಾಗಿ 25.4 ಅಥವಾ 31.8 ಮಿ.ಮೀ. ಇರುತ್ತದೆ, ನೇರ ಹ್ಯಾಂಡಲಾದರೆ ಹಿಡಿಕೆಯ ಕಡೆ 22.2. ಕೆಲವು ಕ್ಲ್ಯಾಂಪುಗಳು 31.8ಕ್ಕೆ ಏರುವುದಿಲ್ಲ. ರಬ್ಬರ್ ಪಟ್ಟಿಯದ್ದಾದರೆ ಬಿಸಿಲಿಗೆ ಬಿರುಕು ಬಿಡುತ್ತದೆ, ಬಗ್ಗಿಸಿ ನೋಡಿದಾಗ ಸಣ್ಣ ಗೀರು ಕಂಡರೆ ಆಗಲೇ ಬದಲಿಸಿ. ಭಾರದ ಲೈಟಿಗೆ ಬೋಲ್ಟ್ ಹಾಕಿ ಬಿಗಿಯುವ ಕ್ಲ್ಯಾಂಪೇ ಸರಿ. ಗುಂಡಿಯಲ್ಲಿ ಲೈಟು ಮುಂದಕ್ಕೆ ತಲೆ ಬಗ್ಗಿಸುತ್ತಿದ್ದರೆ ಹಳೆಯ ಟ್ಯೂಬಿನಿಂದ 2 ಸೆಂ.ಮೀ. ಅಗಲದ ತುಂಡು ಕತ್ತರಿಸಿ ಕ್ಲ್ಯಾಂಪಿನ ಕೆಳಗೆ ಒಂದು ಸುತ್ತು ಹಾಕಿ ಬಿಗಿಯಿರಿ. ಕೋನ ಸರಿಯಾದ ಮೇಲೆ ಕ್ಲ್ಯಾಂಪಿನ ಮೇಲೂ ಹ್ಯಾಂಡಲಿನ ಮೇಲೂ ಸೇರುವಂತೆ ಬಣ್ಣದಲ್ಲಿ ಒಂದು ಗೆರೆ ಎಳೆದುಬಿಡಿ. ಚಾರ್ಜಿಗೆಂದು ಬಿಚ್ಚಿ ಹಾಕಿದಾಗಲೆಲ್ಲ ಗೋಡೆಯ ಮುಂದೆ ನಿಲ್ಲಿಸಬೇಕಾಗಿಲ್ಲ, ಗೆರೆ ಕೂಡಿಸಿದರೆ ಸಾಕು.